ಕೆರೆ ಬಲಗೈಗಿರಲಿ

ರಾಮಗೊಂಡನಹಳ್ಳಿಯಿಂದ ಬಳಗೆರೆಗೆ ಹೋಗುವವರು ಆಗ ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ‘ಕೆರೆ ಬಲಗೈಗಿರಲಿ, ನಡೀತಾ ಇರು’ ಎಂದು ಮನೆಯಲ್ಲಿ ಹೇಳಿ ಕಳಿಸುತ್ತಿದ್ದರು, ಅಷ್ಟೇ. ಬರುವಾಗ ಎಡಗೈಗೆ. ಏಳೆಂಟು ವರ್ಷದ ಮಕ್ಕಳೂ ಈ ಲೆಕ್ಕದಲ್ಲಿ ತಪ್ಪುತ್ತಿರಲಿಲ್ಲ. ಬೆಂಗಳೂರು ನಗರದಲ್ಲಿ ಬೆಳ್ಳಂದೂರು ಕೆರೆ ಬಿಟ್ಟರೆ ವರ್ತೂರು ಕೆರೆಯಷ್ಟು ದೊಡ್ಡದು ಇನ್ನೊಂದಿಲ್ಲ. ನಾನೂರು ಎಕರೆಗೂ ಮಿಕ್ಕಿದ ನೀರು ಕಣ್ಣು ತಪ್ಪುವುದಾದರೂ ಹೇಗೆ? ಗಂಗರ ಕಾಲದ ಕೆರೆ ಎನ್ನುತ್ತಾರೆ. ನಮ್ಮ ಕಡೆಯ ದಡದಲ್ಲಿ ನಿಂತರೆ ಆಚೆ ದಡದಲ್ಲಿ ಬಳಗೆರೆಯ ತೆಂಗಿನ ಮರಗಳು ತೆಳ್ಳಗೆ ಒಂದು ಸಾಲಾಗಿ ಕಾಣುತ್ತಿದ್ದವು. ಆ ಸಾಲಿನ ಹಿಂದೆಯೇ ನನ್ನ ಸೋದರತ್ತೆಯ ಮನೆ. ಕಣ್ಣಿಗೆ ಎದುರಿಗೇ ಇತ್ತು. ಕಾಲಿಗೆ ಮಾತ್ರ ಅರ್ಧ ಬೆಳಗಿನ ದೂರ.

ದಾರಿ ಊರ ಹಿಂದಿನ ಹುಣಸೆ ತೋಪಿನಿಂದ ಶುರುವಾಗುತ್ತಿತ್ತು. ಮೊದಲು ಎರಡೂ ಕಡೆ ಕತ್ತಾಳೆ ಬೇಲಿ, ಬೇಲಿಯಾಚೆ ರಾಗಿ ಹೊಲ, ಹೊಲದ ನಡುನಡುವೆ ಅಕ್ಕಡಿಗೆ ಹಾಕಿದ ಅವರೆ, ಹುಚ್ಚೆಳ್ಳು. ಹುಚ್ಚೆಳ್ಳು ಹೂ ಬಿಟ್ಟ ತಿಂಗಳಲ್ಲಿ ಹೊಲದುದ್ದಕ್ಕೂ ಹಳದಿ ಪಟ್ಟೆ. ಅಲ್ಲಿಂದ ನೆಲ ಇಳಿಯುತ್ತಾ ಹೋದ ಹಾಗೆ ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತಿತ್ತು, ಅಂಗಾಲಿಗೆ ತಂಪು ಹತ್ತುತ್ತಿತ್ತು, ಕೆರೆಯ ವಾಸನೆ ಮೂಗಿಗೆ ಬರುತ್ತಿತ್ತು. ಈಗಿನವರಿಗೆ ವರ್ತೂರು ಕೆರೆಯ ವಾಸನೆ ಎಂದರೆ ಬೇರೆಯೇ ನೆನಪು ಬರಬಹುದು. ನಾನು ಹೇಳುತ್ತಿರುವುದು ಜೊಂಡು, ಹಸಿಮಣ್ಣು, ಮೀನು, ಮೈ ತೊಳೆಸಿಕೊಂಡು ದಡ ಹತ್ತಿದ ಎಮ್ಮೆ, ಇವೆಲ್ಲ ಕೂಡಿದ ವಾಸನೆಯನ್ನು. ಅದು ಊಟದ ಹೊತ್ತಿನಲ್ಲಿ ಬಂದರೂ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ದಡದ ಕೆಸರಿನಲ್ಲಿ ಹೊನಗೊನೆ ಸೊಪ್ಪು ತಾನಾಗಿಯೇ ಹಬ್ಬಿರುತ್ತಿತ್ತು. ಬರಿಗೈಯಲ್ಲಿ ಹೊರಟ ಅಮ್ಮ, ಬಳಗೆರೆ ಮುಟ್ಟುವ ಹೊತ್ತಿಗೆ ಮಡಿಲ ತುಂಬ ಸೊಪ್ಪು ಕಟ್ಟಿಕೊಂಡಿರುತ್ತಿದ್ದಳು. ಮಧ್ಯಾಹ್ನದ ಬಸ್ಸಾರಿಗೆ ಸೊಪ್ಪು ದಾರಿಯಲ್ಲೇ ಸಿಕ್ಕಿಬಿಡುತ್ತಿತ್ತು. ಈಗ ಅದೇ ಸೊಪ್ಪನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿರುವುದನ್ನು ನೋಡಿದ್ದೇನೆ. ಎಲ್ಲಿಂದ ತಂದದ್ದೋ, ಯಾವ ನೀರಿನದೋ.

ಆ ದಾರಿ ಎಂದೂ ಒಂದೇ ಕಡೆ ನಿಂತದ್ದಿಲ್ಲ. ಹಿಂಗಾರು ಮಳೆಗೆ ಕೆರೆ ತುಂಬಿದರೆ ಅದು ಹೊಲದ ಬದುವಿಗೆ ಹತ್ತುತ್ತಿತ್ತು. ಸಂಕ್ರಾಂತಿ ಕಳೆದು ನೀರು ಹಿಂದೆ ಸರಿಯಿತೋ, ಜನರ ಹೆಜ್ಜೆಯೂ ನೀರಿನ ಹಿಂದೆ ಹಿಂದೆಯೇ ಇಳಿಯುತ್ತಿತ್ತು. ಯುಗಾದಿ ಹೊತ್ತಿಗೆ, ಬಿರುಕುಬಿಟ್ಟ ಕೆಸರಿನ ಮೇಲೆ ಬೆಳ್ಳಗೆ, ನುಣ್ಣಗೆ, ಒಂದಾಳು ಅಗಲದ ಹೊಸ ದಾರಿ. ಮತ್ತೆ ಮಳೆ ಬಂದರೆ ಅದೂ ನೀರಿನಡಿ. ಅದಕ್ಕೆ ಟೆಂಡರ್ ಕರೆದವರಿಲ್ಲ, ಕಲ್ಲು ಹಾಕಿ ಹೆಸರು ಬರೆಸಿಕೊಂಡವರಿಲ್ಲ. ನಡೆಯುವ ಕಾಲುಗಳೇ ಪ್ರತಿ ವರ್ಷ ಹೊಸದಾಗಿ ಹಾಕಿಕೊಳ್ಳುತ್ತಿದ್ದವು.

ಕೋಡಿಯ ಹತ್ತಿರ ಬಂದಾಗ ದೊಡ್ಡವರು ಮಕ್ಕಳ ಕೈ ಹಿಡಿಯುತ್ತಿದ್ದರು. ಕೆರೆ ತುಂಬಿದ ವರ್ಷ ನೀರು ಅಲ್ಲಿ ಕಲ್ಲುಕಟ್ಟೆಯ ಮೇಲೆ ಹಾಯ್ದು ದಕ್ಷಿಣ ಪಿನಾಕಿನಿಯ ಕಡೆಗೆ ಓಡುತ್ತಿತ್ತು. ರಾತ್ರಿ ಗಾಳಿ ನಮ್ಮ ಕಡೆ ಬೀಸಿದರೆ ಆ ಸದ್ದು ಊರೊಳಕ್ಕೂ ಕೇಳಿಸುತ್ತಿತ್ತು. ‘ಕೋಡಿ ಬಿತ್ತಂತೆ’ ಎಂಬ ಸುದ್ದಿ ಬಂದರೆ ಸಾಕು, ಹೆಂಗಸರು ಗಂಗಮ್ಮನ ಪೂಜೆಗೆ ಬಾಗಿನ ಜೋಡಿಸಲು ಕೂರುತ್ತಿದ್ದರು, ಹುಡುಗರು ಸೊಂಟದ ಟವೆಲು ಬಿಚ್ಚಿ ಎರಡೂ ತುದಿ ಹಿಡಿದು, ನೀರು ಧುಮುಕುವ ಜಾಗದಲ್ಲಿ ಗಿರ್ಲು ಮೀನಿಗೆ ಕಾಯುತ್ತಿದ್ದರು. ಅದೇ ಜಾಗದಲ್ಲಿ ಮುಂದೆ ಎಂಥದ್ದು ಉಕ್ಕಿ ಬಂತೆಂಬುದನ್ನು ಊರೆಲ್ಲ ಟಿ.ವಿ.ಯಲ್ಲಿ ನೋಡಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೋಡಿ ದಾಟಿದರೆ ಏರಿ. ಏರಿಯ ಮೇಲೆ ನಡೆಯುವಾಗ ಬಲಗಡೆ ನೀರು, ಎಡಗಡೆ ಆಳದಲ್ಲಿ ಗದ್ದೆ ಬಯಲು, ನಡುವೆ ನಾವು. ಗಾಳಿ ಯಾವಾಗಲೂ ನೀರಿನ ಕಡೆಯಿಂದ. ತೂಬಿನ ಹತ್ತಿರ ನೀರಗಂಟಿ ಕೂತಿರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬ ಲೆಕ್ಕವೆಲ್ಲ ಅವನ ತಲೆಯಲ್ಲಿ; ಅದರ ಜೊತೆಗೇ ಯಾರು ಯಾವ ಊರಿಗೆ ಹೋದರು, ಹೋದವರು ವಾಪಸು ಬಂದರೋ ಇಲ್ಲವೋ ಎಂಬ ಲೆಕ್ಕ. ‘ಯಾರ ಮಗನಪ್ಪ ನೀನು?’ ಎಂದು ಕೇಳದೆ ಬಿಟ್ಟವನಲ್ಲ. ಅಪ್ಪನ ಹೆಸರು ಹೇಳಿದರೆ ಸಾಲದು, ತಾತನ ಹೆಸರು ಹೇಳಬೇಕು, ಅಷ್ಟಾದ ಮೇಲೆ ‘ಓ, ಅವರ ಮನೆಯೋನಾ, ನಿಮ್ಮತ್ತೆ ನೆನ್ನೆ ಇಲ್ಲೇ ಬಟ್ಟೆ ಒಗೀತಿದ್ಲು, ಹೋಗು ಹೋಗು’ ಎನ್ನುತ್ತಿದ್ದ. ನಾವು ಬರುವ ಸುದ್ದಿ ಅತ್ತೆಗೆ ನಮಗಿಂತ ಮೊದಲೇ ಹೇಗೆ ಮುಟ್ಟುತ್ತಿತ್ತೋ ಇವತ್ತಿಗೂ ನನಗೆ ತಿಳಿದಿಲ್ಲ. ನಾವು ಹೊಸ್ತಿಲು ತುಳಿಯುವಾಗ ಮುದ್ದೆಗೆ ಎಸರು ಕುದಿಯುತ್ತಿರುತ್ತಿತ್ತು. ಈಗಲೂ ಗೇಟು ಗೇಟಿನಲ್ಲಿ ತಡೆದು ಕೇಳುವವರಿದ್ದಾರೆ. ಅವರು ಕೇಳುವುದು ಫ್ಲ್ಯಾಟ್ ನಂಬರ್.

ವರ್ತೂರಿನ ಬೀದಿ ದಾಟಿ ಬಳಗೆರೆಯ ಕಡೆ ತಿರುಗುವಲ್ಲಿ, ಅರಳಿಮರದ ಪಕ್ಕ, ಹೊರೆ ಇಳಿಸುವ ಕಲ್ಲಿತ್ತು. ಎರಡು ಕಂಬಗಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು, ಎತ್ತರ ಸರಿಯಾಗಿ ಆಳಿನ ತಲೆಯ ಮಟ್ಟಕ್ಕೆ. ಇದರ ಮರ್ಮ ತಲೆಯ ಮೇಲೆ ಮೂಟೆ ಹೊತ್ತವರಿಗೇ ಗೊತ್ತು. ಹೊರೆಯನ್ನು ನೆಲಕ್ಕಿಳಿಸುವುದು ಸುಲಭ. ಮತ್ತೆ ಎತ್ತಿ ತಲೆಗೆ ಹೊರಿಸಲು ಇನ್ನೊಬ್ಬರು ಬೇಕು, ಒಂಟಿಯಾಗಿ ನಡೆಯುವವರಿಗೆ ಆ ಇನ್ನೊಬ್ಬರು ಎಲ್ಲಿ ಸಿಗಬೇಕು? ಈ ಕಲ್ಲಿನ ಮುಂದೆ ನಿಂತು ಕತ್ತು ತುಸು ಮುಂದಕ್ಕೆ ಬಾಗಿಸಿದರೆ ಹೊರೆ ಜಾರಿ ಅಡ್ಡಗಲ್ಲಿನ ಮೇಲೆ ಕೂರುತ್ತಿತ್ತು. ಉಸಿರಾಡಿಕೊಂಡು, ಎಲೆಯಡಿಕೆ ಹಾಕಿಕೊಂಡು, ಮತ್ತೆ ತಲೆ ಕೊಟ್ಟರೆ ಆಯಿತು. ಅಡ್ಡಗಲ್ಲಿನ ಮೇಲ್ಭಾಗ ಎಷ್ಟೋ ತಲೆಮಾರಿನ ಮೂಟೆ ಉಜ್ಜಿ ಉಜ್ಜಿ ನುಣುಪಾಗಿ, ನಡುವೆ ಬೆರಳುದ್ದದ ತಗ್ಗು ಬಿದ್ದಿತ್ತು. ನಾವು ಮಕ್ಕಳು ಅದಕ್ಕೆ ಹಾರಿ ನೇತಾಡುತ್ತಿದ್ದೆವು. ಬಸುರಿಯಾಗಿದ್ದಾಗಲೇ ತೀರಿಹೋದ ಹೆಣ್ಣಿನ ನೆನಪಿಗೆ, ಅವಳು ಇಳಿಸಲಾರದೆ ಹೋದ ಭಾರಕ್ಕಾಗಿ, ಇಂಥ ಕಲ್ಲು ನಿಲ್ಲಿಸುವ ಪದ್ಧತಿ ತಮಿಳು ಸೀಮೆಯಲ್ಲಿತ್ತು. ನಮ್ಮದು ಆ ಗಡಿಗೆ ಹತ್ತಿರದ ಸೀಮೆ. ಇದೂ ಯಾವಳೋ ಒಬ್ಬಳ ಹೆಸರಿನದೇ ಇರಬೇಕು. ರಸ್ತೆ ಅಗಲ ಮಾಡುವಾಗ ಕಲ್ಲು ಹೋಯಿತು. ಯಾವ ಮನೆಯ ಅಡಿಪಾಯಕ್ಕೆ ಸೇರಿತೋ, ಯಾವ ಚರಂಡಿಗೆ ಮುಚ್ಚಳವಾಯಿತೋ.

ಕೋಡಿಯಿಂದ ಈ ದಾರಿಗೆ ಉತ್ತರಕ್ಕೆ ಒಂದು ಕವಲಿತ್ತು. ಅದು ವೈಟ್‌ಫೀಲ್ಡಿಗೆ. ಹೆಸರು ಕೇಳಿದ ಕೂಡಲೇ ಗಾಜಿನ ಕಟ್ಟಡ ಕಣ್ಣ ಮುಂದೆ ಬರುವವರಿಗೆ ಹೇಳುತ್ತೇನೆ: 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3900 ಎಕರೆ ಜಮೀನು ಕೊಟ್ಟರು, ಅದರ ಮುಂದಾಳು ಡಿ.ಎಸ್. ವೈಟ್ ಎಂಬಾತ, ಊರಿಗೆ ಅವನ ಹೆಸರೇ ನಿಂತಿತು. ನಡುವೆ ದುಂಡನೆಯ ಬಯಲು, ಅದರ ಸುತ್ತ ಹೆಂಚಿನ ಬಂಗಲೆಗಳು, ಬಂಗಲೆಗಳ ಹಿಂದೆ ತೋಟ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರು ಇವತ್ತಿಗೂ ಉಳಿದಿವೆ. ಅಲ್ಲಿನ ವೇವರ್ಲಿ ಇನ್ನಿಗೆ ಚರ್ಚಿಲ್ ಬರುತ್ತಿದ್ದ, ಮಾಲೀಕನ ಮಗಳ ಮೇಲೆ ಅವನಿಗೆ ಮನಸ್ಸಿತ್ತು ಎಂದೆಲ್ಲ ಕತೆ ಇದೆ. ನಮ್ಮ ಅಜ್ಜಿಗೆ ಚರ್ಚಿಲ್ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು, ಅವರೆಕಾಯಿ ಕಾಲದಲ್ಲಿ ಮಂಕರಿ ಹೊತ್ತು ಹೋದರೆ ಯಾವ ದೊರೆಸಾನಿ ಚೌಕಾಸಿ ಮಾಡುತ್ತಾಳೆ, ಯಾವ ದೊರೆಸಾನಿ ನೀರು ಕುಡಿಯಲು ಕೊಟ್ಟು ಕೂರಿಸುತ್ತಾಳೆ ಎಂಬುದು. ನಮ್ಮ ಊರುಗಳ ಸೊಪ್ಪು, ಹಾಲು, ಮೊಟ್ಟೆ, ದ್ರಾಕ್ಷಿ ಆ ದಾರಿಯಲ್ಲಿ ಮೇಲಕ್ಕೆ ಹೋಗುತ್ತಿದ್ದವು. ಬರುವಾಗ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಕೇಕಿನ ತುಂಡು ಇಳಿದು ಬರುತ್ತಿತ್ತು. ಸೊಪ್ಪು ಮಾರಿ ಬಂದ ದಿನ ಅಜ್ಜಿಯ ಸೆರಗಿನ ಗಂಟನ್ನು ಮೊದಲು ಬಿಚ್ಚುವವರು ಯಾರೆಂದು ನಮ್ಮಲ್ಲಿ ಜಗಳ.

ಮಾಘ ಮಾಸದಲ್ಲಿ ರಥಸಪ್ತಮಿ ಹೊತ್ತಿಗೆ ವರ್ತೂರಿನಲ್ಲಿ ಚನ್ನರಾಯಸ್ವಾಮಿಯ ತೇರು. ಆ ದಿನಗಳಲ್ಲಿ ಕೆರೆ ಸುತ್ತಲಿನ ಊರುಗಳೆಲ್ಲ ಈ ದಾರಿಗೆ ಇಳಿಯುತ್ತಿದ್ದವು. ಗುಂಜೂರಿನವರು ಆ ಕಡೆಯಿಂದ, ಸಿದ್ದಾಪುರ, ನಲ್ಲೂರಹಳ್ಳಿಯವರು ಈ ಕಡೆಯಿಂದ, ಪಣತ್ತೂರಿನವರು ಬಳಗೆರೆ ಹಾದು. ಅರವಂಟಿಗೆಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಹೊಸ ಸೀರೆಯ ಅಂಚು ಕೆಸರಾಗದ ಹಾಗೆ ಎತ್ತಿ ಕಟ್ಟಿದ ಹೆಂಗಸರ ಸಾಲು ಏರಿಯ ಮೇಲೆ ಬರುವುದನ್ನು ನೋಡಬೇಕಿತ್ತು, ನೀರಿನಲ್ಲಿ ಅವರ ನೆರಳೂ ಇನ್ನೊಂದು ಸಾಲಾಗಿ ಜೊತೆಗೇ ನಡೆಯುತ್ತಿತ್ತು. ಎಷ್ಟೋ ಸಂಬಂಧಗಳು ಕುದುರಿದ್ದು ಆ ದಾರಿಯಲ್ಲೇ. ಹುಡುಗಿ ಹೇಗೆ ನಡೆಯುತ್ತಾಳೆ, ಜೊತೆಯವರೊಡನೆ ಹೇಗೆ ಮಾತಾಡುತ್ತಾಳೆ, ಎದುರಿಗೆ ಮುದುಕಿ ಬಂದರೆ ಪಕ್ಕಕ್ಕೆ ಸರಿಯುತ್ತಾಳೋ ಇಲ್ಲವೋ ಎಂಬುದನ್ನು ಬೀಗರಾಗುವವರು ಅಲ್ಲಿಯೇ ನೋಡಿಕೊಳ್ಳುತ್ತಿದ್ದರು. ಅತ್ತೆಯನ್ನು ಬಳಗೆರೆಗೆ ಕೊಟ್ಟದ್ದೂ ಹಾಗೇ. ತೇರು ಈಗಲೂ ನಡೆಯುತ್ತದೆ, ಜನವೂ ಸೇರುತ್ತದೆ. ಬರುವವರು ಬೈಕಿನಲ್ಲಿ ಬಂದು, ನಿಲ್ಲಿಸಲು ಜಾಗ ಹುಡುಕಿ, ದೇವರಿಗೆ ಕೈಮುಗಿದು, ಟ್ರಾಫಿಕ್ ಹೆಚ್ಚುವ ಮೊದಲೇ ಹೊರಡುತ್ತಾರೆ.

ಆ ದಾರಿಯನ್ನು ಬರೀ ಹಾಡಿ ಹೊಗಳುವಷ್ಟು ಮರೆವು ನನಗೆ ಬಂದಿಲ್ಲ. ಅಜ್ಜಿಯ ನೆತ್ತಿಯಲ್ಲಿ ಸಿಂಬೆ ಕೂರುವ ಜಾಗದಲ್ಲಿ ಕೂದಲೇ ಇರಲಿಲ್ಲ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೆಗಲು ಕೊಟ್ಟು ಇದೇ ಏರಿಯ ಮೇಲೆ ಓಡುತ್ತಿದ್ದರು. ಎಲ್ಲರೂ ಆಸ್ಪತ್ರೆ ಮುಟ್ಟಲಿಲ್ಲ. ಇನ್ನೊಂದು ಸಂಗತಿಯಿದೆ. ಎದುರಿಗೆ ಊರ ಗೌಡರ ಮನೆಯವರು ಬಂದರೆ ದಲಿತ ಕೇರಿಯವರು ತಲೆಯ ಮೇಲೆ ಹೊರೆಯಿದ್ದರೂ ಏರಿಯಿಂದ ಇಳಿಜಾರಿಗೆ ಇಳಿದು ನಿಲ್ಲಬೇಕಿತ್ತು. ನಾವು ಮಕ್ಕಳು ಅದನ್ನು ನೋಡುತ್ತಲೇ ಬೆಳೆದೆವು, ಅದರಲ್ಲಿ ಏನೂ ಕಾಣಲಿಲ್ಲ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿಯವರೆಗೆ ಮೆಟ್ರೊ ಓಡಲು ಶುರುವಾಯಿತಲ್ಲ, ಅದರಲ್ಲಿ ಯಾರೂ ಯಾರಿಗಾಗಿಯೂ ಇಳಿದು ನಿಲ್ಲಬೇಕಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಇದು ಸಣ್ಣ ಮಾತಲ್ಲ, ನನ್ನ ಹಳೆಯ ದಾರಿಯ ಮೇಲಿನ ಮೋಹಕ್ಕೆ ಇದನ್ನು ಮುಚ್ಚಿಡಲು ಆಗುವುದಿಲ್ಲ.

ದಾರಿ ಹೋದದ್ದು ಒಂದು ದಿನದಲ್ಲಿ ಅಲ್ಲ. ಮೊದಲು ನೀರು ಬಣ್ಣ ಬದಲಿಸಿತು. ಬೆಂಗಳೂರಿನ ಕೊಳಚೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ಯಮಲೂರು ಹಾದು ನಮ್ಮ ಕೆರೆಗೆ ಬರುತ್ತಿತ್ತು. ಊರು ಬೆಳೆದಷ್ಟೂ ಅದು ಬೆಳೆಯಿತು. ಅಂತರಗಂಗೆ ಗಿಡ ದಡದಿಂದ ದಡಕ್ಕೆ ಹಬ್ಬಿತು. ಬೆಸ್ತರ ತೆಪ್ಪ ನಿಂತವು. ಬಟ್ಟೆ ಒಗೆಯುವ ಕಲ್ಲು ಬರಿದಾದವು. ಹೊನಗೊನೆ ಕೀಳಲು ಯಾರೂ ಬಗ್ಗದೆ ಹೋದರು. ದಾರಿಯಿಂದ ಜನ ಕಾಲು ತೆಗೆದದ್ದು ಆಗಲೇ, ಗೋಡೆಗಳು ಬಂದದ್ದು ಆಮೇಲೆ. 1998ರ ಹೊತ್ತಿಗೆ ಪಟ್ಟಂದೂರು ಅಗ್ರಹಾರದ ಕಡೆ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು, ಅದರ ಬೆನ್ನಿಗೇ ಎಕರೆಗೆ ಇಷ್ಟು ಎಂಬ ಮಾತು ಅಶ್ವತ್ಥಕಟ್ಟೆಯಲ್ಲಿ ಕೇಳಿಬರತೊಡಗಿತು. ಮಾರಿದವರನ್ನು ನಾನು ಬೈಯುವುದಿಲ್ಲ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಸೀಟು, ಬತ್ತಿದ ಬೋರ್‌ವೆಲ್, ಕೊಳಚೆ ನೀರಿನ ಗದ್ದೆ: ಇಷ್ಟೆಲ್ಲ ಇದ್ದ ರೈತ ಇನ್ನೇನು ಮಾಡಬೇಕಿತ್ತು? 2007ರಲ್ಲಿ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರಿದವು. ಕತ್ತಾಳೆ ಬೇಲಿಯ ಜಾಗದಲ್ಲಿ ಕಾಂಪೌಂಡು ಬಂತು, ಹುಣಸೆ ತೋಪಿನ ಜಾಗದಲ್ಲಿ ಹದಿನೈದು ಮಹಡಿ.

ಇನ್ನು ಆ ಕೋಡಿಯ ಮಾತು. 2015ರ ಬೇಸಿಗೆಯಲ್ಲಿ, ನಾವು ಟವೆಲಿನಲ್ಲಿ ಗಿರ್ಲು ಹಿಡಿಯುತ್ತಿದ್ದ ಜಾಗದಿಂದ ಬಿಳಿ ನೊರೆ ರಾಶಿ ರಾಶಿಯಾಗಿ ಎದ್ದು ರಸ್ತೆಗೆ ಹಾರಿತು. ಸ್ಕೂಟರಿನವರ ಮುಖಕ್ಕೆ ಮೆತ್ತಿತು. ಸೋಪಿನ ಪುಡಿಯಿಂದ ಹಿಡಿದು ಕಾರ್ಖಾನೆಯ ರಾಸಾಯನಿಕದವರೆಗೆ ಊರು ತೊಳೆದದ್ದೆಲ್ಲ, ಎತ್ತರದಿಂದ ಧುಮುಕುವಾಗ ಗಾಳಿ ಬೆರೆತು ಉಕ್ಕಿತ್ತು. ತಡೆಯಲು ಜಾಲರಿ ಕಟ್ಟಿದರು, ನೊರೆ ಜಾಲರಿಯ ಮೇಲಿಂದ ಹಾರಿತು. ಮೇಲಿನ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತು. 2018ರ ಜನವರಿಯಲ್ಲಿ ಅದನ್ನು ಆರಿಸಲು ಸೇನೆಯವರು ಬರಬೇಕಾಯಿತು. ದೂರದ ನೆಂಟರೆಲ್ಲ ಫೋನ್ ಮಾಡಿ ‘ಅದು ನಿಮ್ಮ ಕೆರೇನಾ?’ ಎಂದು ಕೇಳಿದರು. ಹೌದೆನ್ನಲು ನಾಲಿಗೆ ಏಳಲಿಲ್ಲ. ಅದೇ ವರ್ಷ ಈ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿಯತೊಡಗಿತು. ಕೋಲಾರದ ರೈತರ ಬಾವಿಗಳಲ್ಲಿ ನೀರು ಏರಿತು, ಒಳ್ಳೆಯದೇ ಆಯಿತು. ಕೆರೆಗೆ ಬರಬೇಕಾದ ನೀರು ಪೈಪಿನೊಳಗೆ ಕೆರೆಯನ್ನು ದಾಟಿ ಹೋಗುತ್ತದೆ ಎಂದು ನಮ್ಮ ಕಡೆಯ ಮುದುಕರು ಗೊಣಗಿದರು.

ಹಸಿರು ನ್ಯಾಯಮಂಡಳಿಯ ಆದೇಶಗಳಾದವು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೆರೆಯನ್ನು ಬಸಿದು ವರ್ಷಗಟ್ಟಲೆ ಹೂಳು ತೆಗೆಸಿತು. ಲಾರಿ ಲಾರಿ ಕಪ್ಪು ಮಣ್ಣು ಹೋಯಿತು. ಹಕ್ಕಿಗಳು ತಿರುಗಿ ಬಂದವು, ಸುಳ್ಳು ಹೇಳಬಾರದು. ಸುತ್ತಮುತ್ತಲಿನ ಇನ್ನೂ ಎಷ್ಟೋ ಕೆರೆಗಳನ್ನು ಜನ ಹೋರಾಡಿ, ಹಣ ಕೂಡಿಸಿ, ಉಳಿಸಿಕೊಂಡಿದ್ದಾರೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅಂಥ ಕಡೆ ಬೇಲಿ, ಗೇಟು, ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಎಂಬ ಬೋರ್ಡು, ಒಳಗೆ ನಡೆಯಲು ದಾರಿ. ಅಚ್ಚುಕಟ್ಟಾದ ದಾರಿ. ಬೆಳಗಾದರೆ ಸಾವಿರ ಕಾಲು ಅಲ್ಲಿ ಸುತ್ತುತ್ತವೆ. ನಾನೂ ಸುತ್ತುತ್ತೇನೆ, ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ್ದಾರೆ. ಆದರೆ ಆ ದಾರಿ ಹೊರಟ ಗೇಟಿಗೇ ತಂದು ಬಿಡುತ್ತದೆ. ಅದರ ಕೊನೆಯಲ್ಲಿ ಯಾರ ಮನೆಯೂ ಇಲ್ಲ, ಎಸರಿಟ್ಟು ಕಾಯುವವರಿಲ್ಲ. ಎದುರಿಗೆ ಬಂದವರನ್ನು ‘ಎಲ್ಲಿಗೆ ಹೊರಟಿರಿ?’ ಎಂದು ಕೇಳಿದರೆ ತಮಾಷೆಯಾಗುತ್ತದೆ. ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಹತ್ತು ಸಾವಿರ ಆದ ಕೂಡಲೇ ಕಾರು ಹತ್ತುತ್ತಾರೆ. ಅಜ್ಜಿ ಅವರೆಕಾಯಿ ಮಂಕರಿಯೊಂದಿಗೆ ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತಿದ್ದಳೋ, ಎಣಿಸಿದ್ದರೆ ಅವಳೇ ಹೆದರುತ್ತಿದ್ದಳು.

ಅಕ್ಕನ ಮಗಳು ಹೋದ ವರ್ಷ ರಜೆ ಹಾಕಿ ಮೆಡಿಟರೇನಿಯನ್ ಸಮುದ್ರದ ನಡುವಿನ ಮೆನೋರ್ಕಾ ಎಂಬ ದ್ವೀಪಕ್ಕೆ ಹೋಗಿದ್ದಳು. ಸ್ಪೇನಿಗೆ ಸೇರಿದ ದ್ವೀಪ. ಅದರ ಸುತ್ತ ಕಡಲ ಅಂಚಿನಲ್ಲೇ 185 ಕಿಲೋಮೀಟರಿನ ಹಳೆಯ ದಾರಿಯೊಂದಿದೆ, ಕುದುರೆ ದಾರಿ ಎನ್ನುತ್ತಾರಂತೆ. ಹಿಂದಿನ ಕಾಲದಲ್ಲಿ ಕಡಲ ಕಡೆಯಿಂದ ಶತ್ರು ಬರುತ್ತಾನೋ ಎಂದು ಕುದುರೆಯ ಮೇಲೆ ಕಾವಲು ತಿರುಗುತ್ತಿದ್ದ ದಾರಿ; ಕಾವಲು ಗೋಪುರದಿಂದ ಗೋಪುರಕ್ಕೆ, ಮೀನುಗಾರರ ಊರಿಂದ ಊರಿಗೆ. ಇಪ್ಪತ್ತು ಭಾಗ ಮಾಡಿಕೊಂಡು ನಡೆಯುತ್ತಾರೆ. ಇವಳು ಒಂದೆರಡು ಭಾಗ ನಡೆದು ಫೋಟೊ ತಂದಿದ್ದಳು. ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಹೊಲ, ನಡುವೆ ಒಂದಾಳು ಅಗಲದ ಮಣ್ಣಿನ ದಾರಿ. ‘ಇಂಥದ್ದು ನಮ್ಮಲ್ಲಿ ಎಲ್ಲಿದೆ ಮಾವ?’ ಎಂದಳು. ನಾನು ಏನು ಹೇಳಲಿ? ಅವಳ ಅಜ್ಜಿ, ಎಂದರೆ ನಮ್ಮಮ್ಮ, ಒಂದು ಕಡೆ ನೀರು ಇನ್ನೊಂದು ಕಡೆ ಹೊಲ ಇಟ್ಟುಕೊಂಡು ಬರಿಗಾಲಲ್ಲಿ ನಡೆದ ದಾರಿ, ಈ ಹುಡುಗಿ ಕೊಂಡ ಅಪಾರ್ಟ್‌ಮೆಂಟಿನ ಈಜುಕೊಳದ ಪಕ್ಕದಲ್ಲೇ ಹಾದುಹೋಗುತ್ತಿತ್ತು.

ಫೋಟೊಗಳಲ್ಲಿ ನನ್ನ ಕಣ್ಣು ನಿಂತದ್ದು ಕಡಲಿನ ಮೇಲಲ್ಲ, ಗೇಟಿನ ಮೇಲೆ. ಕಾಡು ಆಲಿವ್ ಮರದ ಸೊಟ್ಟ ಕೊಂಬೆಗಳನ್ನು ಜೋಡಿಸಿ ಮಾಡಿದ ಗೇಟು, ಎರಡೂ ಕಡೆ ಗಾರೆಯಿಲ್ಲದೆ ಒಟ್ಟಿದ ಕಲ್ಲುಗೋಡೆ. ಯಾರದೋ ಹೊಲ. ನಡೆಯುವವರು ತಾವೇ ಅಗುಳಿ ತೆಗೆದು ಒಳಗೆ ಹೋಗಿ, ದನ ಆಚೆ ಹೋಗದಂತೆ ಮತ್ತೆ ಮುಚ್ಚಬೇಕು. ಅಷ್ಟೇ ಷರತ್ತು. ಅಲ್ಲಿಯೂ ಒಂದು ಕಾಲಕ್ಕೆ ಜಮೀನುದಾರರು ಆ ದಾರಿಯನ್ನು ಮುಚ್ಚಿಬಿಟ್ಟಿದ್ದರಂತೆ. ದ್ವೀಪದ ಜನ ಬಿಡಲಿಲ್ಲ, ದಾರಿ ನಮ್ಮದು ಎಂದು ಗಲಾಟೆ ಮಾಡಿದರು. 2000ದಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿ ಖಾಸಗಿ ಜಮೀನಿನೊಳಗೂ ಜನ ನಡೆದುಹೋಗುವ ಹಕ್ಕನ್ನು ಕೊಟ್ಟಿತು, 2010ರಲ್ಲಿ ಇಡೀ ಸುತ್ತು ತೆರೆಯಿತು.

ನಮ್ಮಲ್ಲಿ ಕಾನೂನು ಹೊಸದಾಗಿ ಮಾಡಬೇಕಾದ್ದೇ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ, ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಕೆರೆ, ಹಳ್ಳ ಎಲ್ಲವೂ ಸರ್ಕಾರದ ಸ್ವತ್ತು ಎಂದು ಎಂದೋ ಹೇಳಿಯಾಗಿದೆ. ಹಳೆಯ ಗ್ರಾಮನಕ್ಷೆ ಬಿಡಿಸಿ ನೋಡಿ: ಬಂಡಿದಾರಿಗೆ ಜೋಡಿ ಚುಕ್ಕೆಸಾಲು, ಕಾಲುದಾರಿಗೆ ಒಂಟಿ ಚುಕ್ಕೆಸಾಲು. ಸರ್ವೆ ನಂಬರುಗಳ ನಡುವೆ ಆ ಚುಕ್ಕೆಗಳು ತಮ್ಮ ಪಾಡಿಗೆ ಊರಿಂದ ಊರಿಗೆ ನಡೆದುಹೋಗುತ್ತಿರುತ್ತವೆ. ಖರಾಬು ಎಂದು ಬರೆದ ಆ ಗುಂಟೆಗಳನ್ನು ಕೇಳುವವರು ಯಾರೂ ಇಲ್ಲದ್ದರಿಂದಲೇ ಅವು ಮೊದಲು ಮಾಯವಾದವು. ಬೇಲಿ ಹಾಕುವವನು ಒಂದಡಿ ಮುಂದೆ ಹಾಕಿದ, ಅವನಿಂದ ಕೊಂಡವನು ಗೋಡೆ ಕಟ್ಟಿದ, ಅವನಿಂದ ಕೊಂಡ ಬಿಲ್ಡರು ಮಹಡಿ ಎಬ್ಬಿಸಿದ. ಯಾವ ಒಬ್ಬನನ್ನು ಹಿಡಿದು ನಿಲ್ಲಿಸಿ ಕೇಳುವುದು?

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹಳೆಯ ಗೆರೆಯನ್ನೇ ಹಿಡಿದು ಹೊರಟು ನೋಡಿದೆ. ಅತ್ತೆಗೆ ಎಂಬತ್ತು ದಾಟಿದೆ, ಮಂಡಿನೋವು, ಬಳಗೆರೆಯ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ‘ನಡ್ಕೊಂಡೇ ಬರ್ತೀನಿ’ ಎಂದು ಫೋನಿನಲ್ಲಿ ಹೇಳಿದರೆ ‘ಬಾರಪ್ಪ, ಎಸರಿಡ್ತೀನಿ’ ಎಂದಳು. ಹುಣಸೆ ತೋಪು ಇದ್ದಲ್ಲಿ ಅಕ್ಕನ ಮಗಳ ಅಪಾರ್ಟ್‌ಮೆಂಟು. ಅವಳ ಹೆಸರು ಹೇಳಿ ಒಳಗೆ ಹೋದೆ. ಹಿಂದಿನ ಗೋಡೆಯಲ್ಲಿ ಕೆರೆಯ ಕಡೆಗೆ ಒಂದು ಕಬ್ಬಿಣದ ಗೇಟಿದೆ, ಅದಕ್ಕೆ ತುಕ್ಕು ಹಿಡಿದ ಬೀಗ. ಕಂಬಿಯ ಸಂದಿಯಲ್ಲಿ ನೋಡಿದರೆ ಹುಲ್ಲಿನ ನಡುವೆ ಹೆಜ್ಜೆ ಜಾಡು ಸ್ವಲ್ಪ ದೂರ ಕಾಣುತ್ತದೆ; ಯಾರು ನಡೆಯುತ್ತಾರೋ, ದನವೋ, ನಾಯಿಯೋ. ಕಾವಲಿನ ಹುಡುಗ ಬಂದು ‘ಸರ್, ಇಲ್ಲಿ ನಿಲ್ಲಬಾರದು’ ಎಂದ. ರಾಯಚೂರಿನ ಕಡೆಯವನು, ಒಳ್ಳೆಯ ಹುಡುಗ. ಈ ದಾರಿ ಬಳಗೆರೆಗೆ ಹೋಗುತ್ತಿತ್ತು ಎಂದೆ. ‘ಬಳಗೆರಿಗಾ? ಆಟೊ ಬುಕ್ ಮಾಡ್ಲೇನ್ರಿ?’ ಎಂದ. ತಿರುಗಿ ಬಂದು ರಸ್ತೆ ಹಿಡಿದು, ಕೋಡಿ ಜಂಕ್ಷನ್ನಿನಲ್ಲಿ ಟ್ಯಾಂಕರು, ಟಿಪ್ಪರು, ಕಂಪನಿ ಬಸ್ಸುಗಳ ಮಧ್ಯೆ ನಿಂತು, ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ಮುದ್ದೆ ಆರಿ ಗಟ್ಟಿಯಾಗಿತ್ತು. ‘ಕೆರೆ ಎಡಗೈಗೆ ಹಿಡ್ಕೊಂಡ್ಯೇನೋ?’ ಎಂದು ಕೇಳಿದಳು.

ಮೊನ್ನೆ ಅಕ್ಕನ ಮಗಳು ಮುಂದಿನ ರಜೆಗೆ ಕಾರ್ಸಿಕಾ ದ್ವೀಪ ಎಂದು ಗೊತ್ತುಮಾಡಿಕೊಂಡು ಬಂದಿದ್ದಳು. ಅಲ್ಲಿಯೂ ಹಿಂದೆ ಸುಂಕದವರು ಕಳ್ಳಸಾಗಣೆ ಕಾಯಲು ಓಡಾಡುತ್ತಿದ್ದ ಕಡಲ ದಾರಿಯಿದೆಯಂತೆ. ‘ನೀವೂ ಬನ್ನಿ ಮಾವ, ವೀಸಾ ಎಲ್ಲ ನಾನು ನೋಡ್ಕೋತೀನಿ’ ಎಂದಳು. ‘ಬರ್ತೀನಮ್ಮ. ಮೊದಲು ನಿಮ್ಮ ಅಸೋಸಿಯೇಷನ್ನಿನವರಿಗೆ ಹೇಳಿ ಆ ಹಿಂದಿನ ಗೇಟು ತೆಗೆಸು, ಅತ್ತೆ ಮನೆಗೆ ಒಂದ್ಸಲ ಸರಿಯಾಗಿ ಹೋಗಿ ಬರ್ತೀನಿ, ಆಮೇಲೆ ಕಾರ್ಸಿಕಾ’ ಎಂದೆ. ನಕ್ಕಳು. ಆದರೂ ನನ್ನೆದುರಿಗೇ ಅವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಹತ್ತೇ ನಿಮಿಷದಲ್ಲಿ ಉತ್ತರ ಬಂತು: ಸೆಕ್ಯೂರಿಟಿ ದೃಷ್ಟಿಯಿಂದ ಆ ಗೇಟು ತೆಗೆಯಲು ಆಗುವುದಿಲ್ಲ, ಬರುವ ಭಾನುವಾರ ಕೆರೆಗಾಗಿ ನಡಿಗೆ ಇಟ್ಟುಕೊಂಡಿದ್ದೇವೆ, ಅಂಕಲ್ ಹೆಸರು ಬರೆಸಿ, ಟೀ ಶರ್ಟ್ ಸೈಜ್ ತಿಳಿಸಿ.